ಸೊಪ್ಪಿಗೂ ಒಂದು ಪರೀಕ್ಷೆ ಇರಲಿ

(ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ಹಾಲು ಪರೀಕ್ಷಾಲಯದ ನಿವೃತ್ತ ತಂತ್ರಜ್ಞರೊಬ್ಬರು ನೀಡಿದ ಉಪನ್ಯಾಸದ ಪಾಠ. ಶಿಬಿರಕ್ಕೆ ಬರಲಾಗದ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ನಿಮ್ಮ ದಿನಚರಿ ನನಗೆ ಚೆನ್ನಾಗಿ ಗೊತ್ತು. ಬೆಳಕು ಹರಿಯುವ ಮೊದಲು ಎದ್ದು, ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು, ಹಾಲು ಕರೆದು, ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತೀರಿ. ಪರೀಕ್ಷಕರು ನಿಮ್ಮ ಪಾತ್ರೆಯಿಂದ ಮಾದರಿ ತೆಗೆದುಕೊಳ್ಳುತ್ತಾರೆ. ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಫ್ಯಾಟ್ ನೋಡುತ್ತಾರೆ. ಸಂಜೆ ಮತ್ತೆ ಅದೇ ಕೆಲಸ. ದಿನಕ್ಕೆ ಎರಡು ಸಲ, ವರ್ಷಕ್ಕೆ 730 ಸಲ ನಿಮ್ಮ ಹಾಲು ಪರೀಕ್ಷೆಗೆ ಒಳಗಾಗುತ್ತದೆ. ಡಿಗ್ರಿ ಕಡಿಮೆ ಬಂದ ದಿನ ನಿಮಗೆ ಬೇಸರವಾಗುತ್ತದೆ. ಕೆಲವರು ನನ್ನ ಜೊತೆ ಜಗಳವನ್ನೂ ಆಡಿದ್ದೀರಿ. ಆದರೆ ಪರೀಕ್ಷೆಯೇ ಬೇಡ ಎಂದು ನಿಮ್ಮಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಪಟ್ಟಣದಲ್ಲಿ ಯಾವುದೋ ಮಗು ಆ ಹಾಲು ಕುಡಿಯುತ್ತದೆ ಎಂಬುದು ನಿಮಗೆ ಗೊತ್ತಿದೆ.

ಈಗ ಒಂದು ಪ್ರಶ್ನೆ. ಡೈರಿಯಿಂದ ಬರುವಾಗ ದಾರಿಯಲ್ಲಿ ಒಂದು ಕಟ್ಟು ಕೊತ್ತಂಬರಿ, ಒಂದು ಹಿಡಿ ಕರಿಬೇವು, ಒಂದಿಷ್ಟು ಪುದೀನ ಕೊಂಡು ತರುತ್ತೀರಿ. ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಯಾರೂ ಇಲ್ಲ. ಬೇರೆ ತರಕಾರಿಯನ್ನಾದರೂ ಸಿಪ್ಪೆ ತೆಗೆಯುತ್ತೇವೆ, ಚೆನ್ನಾಗಿ ಬೇಯಿಸುತ್ತೇವೆ. ಕೊತ್ತಂಬರಿಯನ್ನು ಹಸಿಯಾಗಿಯೇ ಕೋಸಂಬರಿಗೆ ಉದುರಿಸುತ್ತೇವೆ, ಪುದೀನವನ್ನು ಹಸಿಯಾಗಿಯೇ ಚಟ್ನಿಗೆ ಅರೆಯುತ್ತೇವೆ. ಹಸಿಯಾಗಿ ಹೊಟ್ಟೆಗೆ ಹೋಗುವ ಪದಾರ್ಥಕ್ಕೇ ಪರೀಕ್ಷೆ ಇಲ್ಲ. ಆದ್ದರಿಂದ ಈ ದಿನ ಮನೆಯಲ್ಲೇ ಸೊಪ್ಪನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ತಿಳಿಸುತ್ತೇನೆ. ಜೊತೆಗೆ, ಯಾವ ದೋಷವನ್ನು ಮನೆಯಲ್ಲಿ ಹಿಡಿಯಲು ಸಾಧ್ಯವೇ ಇಲ್ಲ ಎಂಬುದನ್ನೂ ಹೇಳುತ್ತೇನೆ. ಎರಡನೆಯದೇ ಹೆಚ್ಚು ಮುಖ್ಯ. ದಯವಿಟ್ಟು ಕೊನೆಯವರೆಗೂ ಕೇಳಬೇಕು.

ಸೊಪ್ಪಿಗೆ ಏನು ಸೇರುತ್ತದೆ?

ಸೊಪ್ಪಿನ ದೋಷಗಳನ್ನು ಎರಡು ಗುಂಪು ಮಾಡಿಕೊಳ್ಳೋಣ. ಕಿತ್ತ ಮೇಲೆ ಸೇರುವುದು ಒಂದು; ಕೀಳುವ ಮೊದಲು ಸೇರುವುದು ಇನ್ನೊಂದು.

ಕಿತ್ತ ಮೇಲೆ ಸೇರುವುದರಲ್ಲಿ ಮುಖ್ಯವಾದದ್ದು ಬಣ್ಣ. ಸೊಪ್ಪು ಕಿತ್ತ ಮರುದಿನವೇ ಬಾಡುತ್ತದೆ, ಎರಡನೆಯ ದಿನ ಹಳದಿಗೆ ತಿರುಗುತ್ತದೆ. ಹಳದಿಯಾದ ಸೊಪ್ಪನ್ನು ಕೊಳ್ಳುವವರಿಲ್ಲ. ಅದನ್ನು ಮುಚ್ಚಲು ಕೆಲವರು ಹಸಿರು ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಇದಕ್ಕೆ ಬಳಸುವ ಬಣ್ಣಗಳಲ್ಲಿ ಹೆಸರಾದದ್ದು ಮ್ಯಾಲಕೈಟ್ ಗ್ರೀನ್. ಇದು ರೇಷ್ಮೆ, ಉಣ್ಣೆ, ಸೆಣಬು, ಚರ್ಮಗಳಿಗೆ ಹಾಕುವ ಬಣ್ಣ. ಆಹಾರಕ್ಕೆ ಸೇರಿಸಲು ನಮ್ಮ ದೇಶದಲ್ಲಿ ಇದಕ್ಕೆ ಅನುಮತಿ ಇಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಯಕೃತ್ತಿಗೆ ಹಾನಿ ಮಾಡುವುದು ಕಂಡುಬಂದಿದೆ. ಬಣ್ಣದ ಹಾವಳಿ ಸೊಪ್ಪಿಗೆ ಮಾತ್ರ ಸೀಮಿತವಲ್ಲ. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನಿಮಗೆ ನೆನಪಿರಬಹುದು.

ಎರಡನೆಯದು ಮೈಲುತುತ್ತ. ಇದರ ತಾಮ್ರದ ಅಂಶ ಎಲೆಯ ಹಸಿರನ್ನು ಹಿಡಿದು ನಿಲ್ಲಿಸುತ್ತದೆ. ಮೂರನೆಯದು ಕೊಳಕು ನೀರು. ಇದು ಬಣ್ಣವಲ್ಲ, ವಿಷವೂ ಅಲ್ಲ ಎಂದು ಕಾಣಬಹುದು. ಆದರೆ ಚರಂಡಿ ಸೇರುವ ಕಾಲುವೆಯಲ್ಲಿ ಕಟ್ಟುಗಳನ್ನು ಅದ್ದಿ ತೆಗೆದರೆ ಹೊಟ್ಟೆಯ ಕಾಯಿಲೆಗಳೆಲ್ಲ ಆ ಕಟ್ಟಿನಲ್ಲೇ ಮನೆಗೆ ಬರುತ್ತವೆ.

ಕೀಳುವ ಮೊದಲು ಸೇರುವುದು ಕೀಟನಾಶಕ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಣ್ಣಿನ ಪರೀಕ್ಷೆ

ಹಾಲು ಕೆಟ್ಟಿದೆಯೇ ಎಂದು ನೋಡಲು ಪರೀಕ್ಷಕರು ಮೊದಲು ಮೂಸುತ್ತಾರೆ, ಬಣ್ಣ ನೋಡುತ್ತಾರೆ. ಉಪಕರಣ ಆಮೇಲೆ. ಸೊಪ್ಪಿಗೂ ಹಾಗೆಯೇ.

ಒಂದು ಗಿಡದಲ್ಲಿ ಎಲ್ಲ ಎಲೆಗಳೂ ಒಂದೇ ಹಸಿರು ಇರುವುದಿಲ್ಲ. ಚಿಗುರು ತಿಳಿ, ಬಲಿತದ್ದು ಕಡು, ಬುಡದ ಎಲೆ ಸ್ವಲ್ಪ ಹಳದಿ. ಇಡೀ ಕಟ್ಟು ಒಂದೇ ಬಣ್ಣಕ್ಕಿದ್ದರೆ ನಿಂತು ನೋಡಿ. ಎಲೆ ಜೋತುಬಿದ್ದಿದೆ, ಆದರೆ ಬಣ್ಣ ಮಾತ್ರ ಈಗ ತಾನೇ ಕಿತ್ತಂತೆ ಇದೆ ಎಂದರೆ ಅದೂ ಅನುಮಾನಕ್ಕೆ ಕಾರಣ.

ಇನ್ನೊಂದು ಗುಟ್ಟು ಹೇಳುತ್ತೇನೆ. ಎಲೆಯನ್ನಷ್ಟೇ ನೋಡಬೇಡಿ, ಬೇರು ಮತ್ತು ಕಟ್ಟಿದ ನಾರನ್ನು ನೋಡಿ. ಕೊತ್ತಂಬರಿಯ ಬೇರು ಬೆಳ್ಳಗಿರಬೇಕು, ಮಣ್ಣು ಅಂಟಿರಬೇಕು. ಕಟ್ಟಿದ ಬಾಳೆನಾರು ಅಥವಾ ದಾರಕ್ಕೆ ಅದರದೇ ಬಣ್ಣ ಇರಬೇಕು. ಕಟ್ಟನ್ನು ಬಣ್ಣದ ನೀರಿನಲ್ಲಿ ಅದ್ದಿದರೆ ಬೇರು, ನಾರು, ಕತ್ತರಿಸಿದ ದಂಟಿನ ತುದಿ ಎಲ್ಲವೂ ಆ ನೀರನ್ನು ಕುಡಿಯುತ್ತವೆ. ಬೇರೂ ಹಸಿರು, ದಾರವೂ ಹಸಿರು ಎಂದರೆ ಅದು ಗಿಡದ ಹಸಿರಲ್ಲ.

ಹತ್ತಿಯ ಪರೀಕ್ಷೆ

ಅನುಮಾನ ಬಂದರೆ ಈ ಪರೀಕ್ಷೆ ಮಾಡಿ. ಹಸಿರು ತರಕಾರಿಗೆ ಮ್ಯಾಲಕೈಟ್ ಗ್ರೀನ್ ಹಚ್ಚಿದೆಯೇ ಎಂದು ಮನೆಯಲ್ಲೇ ನೋಡಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಇದನ್ನು ತಿಳಿಸಿದೆ. ಬೇಕಾದದ್ದು ಎರಡೇ ಸಾಮಾನು: ಒಂದು ಚೂರು ಬಿಳಿ ಹತ್ತಿ, ಸ್ವಲ್ಪ ಲಿಕ್ವಿಡ್ ಪ್ಯಾರಫಿನ್. ದನಕ್ಕೆ ಹೊಟ್ಟೆ ಕಟ್ಟಿದಾಗ ಪಶುವೈದ್ಯರು ಕುಡಿಸುತ್ತಾರಲ್ಲ, ಅದೇ ಎಣ್ಣೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

1. ಹತ್ತಿಯನ್ನು ಪ್ಯಾರಫಿನ್‌ನಲ್ಲಿ ನೆನೆಸಿ ಹಿಂಡಿ.
2. ಹರಿಯದ, ಮುರಿಯದ ಒಂದು ಎಲೆಯನ್ನು ಅಂಗೈ ಮೇಲೆ ಇಟ್ಟುಕೊಳ್ಳಿ.
3. ಹತ್ತಿಯಿಂದ ಎಲೆಯ ಮೇಲೆ ಮೆಲ್ಲಗೆ ಸವರಿ, ಮಗುವಿನ ಕೆನ್ನೆ ಒರೆಸುವಷ್ಟು ಮೆಲ್ಲಗೆ.
4. ಹತ್ತಿ ಬೆಳ್ಳಗೇ ಉಳಿದರೆ ಸರಿ. ಧೂಳಿನ ಕಂದು ಬಂದರೂ ಚಿಂತೆಯಿಲ್ಲ. ಹಸಿರು ಹತ್ತಿದರೆ ಅನುಮಾನ ಗಟ್ಟಿಯಾಯಿತು.

ಪ್ಯಾರಫಿನ್ ಇಲ್ಲದಿದ್ದರೆ ಬಿಳಿಯ ಒತ್ತುಕಾಗದವನ್ನು ನೀರಿನಲ್ಲಿ ಒದ್ದೆ ಮಾಡಿ, ಅದರ ಮೇಲೆ ಎಲೆಗಳನ್ನು ಹರಡಿ ಸ್ವಲ್ಪ ಹೊತ್ತು ಬಿಡಿ. ಎಲೆ ತೆಗೆದಾಗ ಕಾಗದದ ಮೇಲೆ ಹಸಿರು ಅಚ್ಚು ಬಿದ್ದಿದ್ದರೆ ಬಣ್ಣ ಇದೆ ಎಂದು ತಿಳಿಯಬೇಕು.

ಬಟ್ಟಲಿನ ಪರೀಕ್ಷೆ

ಬಿಳಿ ಪಿಂಗಾಣಿ ಬಟ್ಟಲು ಅಥವಾ ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಳ್ಳಿ. ಕೆಲವು ಎಲೆಗಳನ್ನು ಹಿಸುಕದೆ ಹತ್ತು ನಿಮಿಷ ಮುಳುಗಿಸಿಡಿ. ಗಿಡದ ಸ್ವಂತ ಹಸಿರಿಗೆ ಪತ್ರಹರಿತ್ತು ಎಂದು ಹೆಸರು. ಅದು ನೀರಿನಲ್ಲಿ ಕರಗುವುದಿಲ್ಲ. ಮಳೆಯಲ್ಲಿ ನೆನೆದ ಗಿಡದಿಂದ ಹಸಿರು ನೀರು ಸುರಿಯುವುದನ್ನು ನೀವು ಎಂದಾದರೂ ನೋಡಿದ್ದೀರಾ? ಇಲ್ಲ. ಆದರೆ ಮ್ಯಾಲಕೈಟ್ ಗ್ರೀನ್ ನೀರಿನಲ್ಲಿ ಕರಗುತ್ತದೆ. ನೀರು ನೀಲಿಗಲೆತ ಹಸಿರಾದರೆ ಆ ಸೊಪ್ಪು ಅಡುಗೆಗೆ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಕೆಂಪು ದಂಟಿನ ಸೊಪ್ಪು ತೊಳೆದಾಗ ನೀರು ಕೆಂಪಾಗುವುದುಂಟು. ಅದು ಆ ಗಿಡದ ಸ್ವಂತ ಬಣ್ಣ, ನೀರಿನಲ್ಲಿ ಕರಗುವಂಥದ್ದು. ಅದನ್ನು ಕಲಬೆರಕೆ ಎಂದು ತಿಳಿದು ಎಸೆಯಬೇಡಿ.

ಹುಣಸೆನೀರಿನ ಪರೀಕ್ಷೆ

ಈ ಪರೀಕ್ಷೆಯನ್ನು ನೀವು ಗೊತ್ತಿಲ್ಲದೆಯೇ ದಿನವೂ ಮಾಡುತ್ತಿದ್ದೀರಿ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಹಾಕಿದರೆ ಹಸಿರಾಗಿರುತ್ತದೆ. ಹುಳಿ ಹಾಕಿ ಕುದಿಸುವಾಗಲೇ ಹಾಕಿಬಿಟ್ಟರೆ ಬಣ್ಣ ಕೆಟ್ಟು, ಹಳೆಯ ಹುಲ್ಲಿನ ಹಾಗೆ ಮಾಸಲಾಗುತ್ತದೆ. ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಎಂಬ ಧಾತು ಇದೆ. ಹುಳಿ ಮತ್ತು ಕಾವು ಎರಡೂ ಸೇರಿದಾಗ ಅದು ಜಾಗ ಬಿಟ್ಟು ಹೋಗುತ್ತದೆ, ಹಸಿರೂ ಹೋಗುತ್ತದೆ. ಆ ಜಾಗದಲ್ಲಿ ತಾಮ್ರ ಬಂದು ಕುಳಿತರೆ ಬಣ್ಣ ಕದಲುವುದಿಲ್ಲ.

ಆದ್ದರಿಂದ ಅನುಮಾನದ ಸೊಪ್ಪನ್ನು ಸ್ವಲ್ಪ ಹುಣಸೆನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಬಣ್ಣ ಮಾಸಿದರೆ ಒಳ್ಳೆಯ ಲಕ್ಷಣ. ಅಷ್ಟು ಕುದಿದರೂ ಗಿಳಿಯ ರೆಕ್ಕೆಯಂತೆ ಹೊಳೆಯುತ್ತಿದ್ದರೆ ಅನುಮಾನಕ್ಕೆ ಬಲ ಬಂದಂತೆ. ಈ ಪರೀಕ್ಷೆಗೆ ಅಡಿಗೆ ಸೋಡಾ ತಾಗಿಸಬೇಡಿ. ಸೋಡಾ ಕೂಡ ಸೊಪ್ಪಿನ ಹಸಿರನ್ನು ಉಳಿಸುತ್ತದೆ, ಜೊತೆಗೆ ಅದರ ಜೀವಸತ್ವವನ್ನು ಕಳೆಯುತ್ತದೆ.

ತಾಮ್ರಕ್ಕೆ ಇನ್ನೊಂದು ಪರೀಕ್ಷೆ ಅಡಿಕೆ ತೋಟದವರಿಗೆ ಗೊತ್ತಿದೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೊ ದ್ರಾವಣ ಮಾಡಿದಾಗ ಅದರಲ್ಲಿ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಚಾಕಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪೇ ತಾಮ್ರ. ಸೊಪ್ಪು ನೆನೆಸಿದ ನೀರಿಗೆ ನಿಂಬೆರಸ ಹಿಂಡಿ, ಉಜ್ಜಿ ಬೆಳಗಿದ ಕಬ್ಬಿಣದ ಮೊಳೆಯೊಂದನ್ನು ಅದರಲ್ಲಿ ಕೆಲವು ಗಂಟೆ ಬಿಟ್ಟು ಇದೇ ರೀತಿ ನೋಡಬಹುದು. ತಾಮ್ರ ಹೆಚ್ಚಾಗಿದ್ದರೆ ಮಾತ್ರ ಇದು ತೋರಿಸುತ್ತದೆ. ಮೊಳೆ ಕೆಂಪಾಗಲಿಲ್ಲ, ಆದ್ದರಿಂದ ತಾಮ್ರ ಇಲ್ಲವೇ ಇಲ್ಲ ಎಂದು ತೀರ್ಮಾನಿಸಬೇಡಿ. ಮೊಳೆ ಹಾಕಿದ ನೀರನ್ನು ಚೆಲ್ಲಿಬಿಡಿ.

ತೀರ್ಪಿಗೆ ಆತುರ ಬೇಡ

ನಮ್ಮ ಬೀದಿಯಲ್ಲಿ ನಡೆದದ್ದು ಇದು. ನೆರೆಮನೆಯ ಹೆಣ್ಣುಮಗಳು ಯಾರಿಂದಲೋ ಈ ಪರೀಕ್ಷೆಯ ವಿಷಯ ಕೇಳಿ, ಪುದೀನ ಎಲೆಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದರು. ಬಟ್ಟೆ ಹಸಿರಾಯಿತು. ಮರುದಿನ ಸೊಪ್ಪಿನ ಬುಟ್ಟಿ ಹೊತ್ತು ಬಂದ ಅಜ್ಜಿಯನ್ನು ಬೀದಿಯಲ್ಲಿ ನಿಲ್ಲಿಸಿ, "ವಿಷ ಮಾರುತ್ತೀಯಾ?" ಎಂದು ಎಲ್ಲರ ಮುಂದೆ ಬೈದರು. ಅಜ್ಜಿಗೆ ಏನು ಹೇಳಬೇಕೋ ತಿಳಿಯಲಿಲ್ಲ. "ತಾಯಿ, ನಮ್ಮ ಬಾವಿ ಪಕ್ಕದ ಗಿಡ ಕಣವ್ವ" ಎಂದಷ್ಟೇ ಅಂದು ಬುಟ್ಟಿ ಎತ್ತಿಕೊಂಡು ಹೊರಟಳು.

ನಾನು ನಮ್ಮ ಕೈತೋಟದ ಪುದೀನ ಕಿತ್ತು ತಂದು, ಅದೇ ಬಟ್ಟೆಯ ಮೇಲೆ ಅದೇ ರೀತಿ ಉಜ್ಜಿ ತೋರಿಸಿದೆ. ಅಷ್ಟೇ ಹಸಿರಾಯಿತು. ಎಲೆಯನ್ನು ಜಜ್ಜಿದರೆ ರಸ ಹೊರಬರುತ್ತದೆ, ರಸ ಹಸಿರಾಗಿಯೇ ಇರುತ್ತದೆ. ಅದು ಕಲಬೆರಕೆಯಲ್ಲ, ಎಲೆಯ ಪ್ರಾಣ. ಆ ಹೆಣ್ಣುಮಗಳು ಒಳ್ಳೆಯವರು. ತಪ್ಪು ಗೊತ್ತಾದ ಮೇಲೆ ಬೇಸರಪಟ್ಟರು. ಆದರೆ ಅಜ್ಜಿ ನಮ್ಮ ಬೀದಿಗೆ ಮತ್ತೆ ಬಂದದ್ದು ಎರಡು ತಿಂಗಳ ಮೇಲೆ.

ನಮ್ಮ ಪರೀಕ್ಷಾಲಯದಲ್ಲಿ ಒಂದು ನಿಯಮ ಇತ್ತು. ಅನುಮಾನದ ಹಾಲಿನ ಪಕ್ಕದಲ್ಲಿ, ಶುದ್ಧ ಎಂದು ಗೊತ್ತಿರುವ ಹಾಲನ್ನೂ ಇಟ್ಟು ಎರಡಕ್ಕೂ ಒಂದೇ ಪರೀಕ್ಷೆ ಮಾಡಬೇಕು. ಎರಡೂ ಒಂದೇ ರೀತಿ ವರ್ತಿಸಿದರೆ ದೋಷ ಹಾಲಿನದಲ್ಲ, ಪರೀಕ್ಷೆ ಮಾಡಿದವರದು. ಸೊಪ್ಪಿಗೂ ಇದನ್ನೇ ಪಾಲಿಸಿ. ನಿಮ್ಮ ಹಿತ್ತಿಲಿನ ಎಲೆಯೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಆಮೇಲೆ ಮಾತಾಡಿ. ಡೈರಿಯಲ್ಲಿ ತಪ್ಪು ಡಿಗ್ರಿ ಬರೆದಾಗ ನಿಮಗೆ ಎಷ್ಟು ನೋವಾಗುತ್ತದೋ, ಸೊಪ್ಪು ಮಾರುವವಳಿಗೂ ಅಷ್ಟೇ ನೋವಾಗುತ್ತದೆ.

ಬಣ್ಣ ಖಚಿತವಾದರೆ ಏನು ಮಾಡಬೇಕು?

ಬೀದಿ ಜಗಳ ಬೇಡ. ಕಾನೂನು ಇದೆ. ಹಳೆಯ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಜಾಗದಲ್ಲಿ ಈಗ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಇದೆ. ಅದರ ನಿಯಮಗಳು 2011ರ ಆಗಸ್ಟ್‌ನಿಂದ ಜಾರಿಯಲ್ಲಿವೆ. ನಿಮ್ಮ ಪ್ರದೇಶದ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು. ಪ್ರಾಧಿಕಾರದ ಉಚಿತ ದೂರವಾಣಿ 1800-112-100. ಅಧಿಕಾರಿಯವರು ಬಂದು ವಿಧಿಪ್ರಕಾರ ಮಾದರಿ ತೆಗೆಯುತ್ತಾರೆ.

ಕೊಂಡವರೇ ನೇರವಾಗಿ ಪರೀಕ್ಷೆಗೆ ಕೊಡಲೂ ಕಾಯಿದೆಯ 40ನೇ ಪ್ರಕರಣ ಅವಕಾಶ ಕೊಟ್ಟಿದೆ. ಪರೀಕ್ಷೆಗೆ ಕೊಡುತ್ತೇನೆ ಎಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಬೇಕು, ಶುಲ್ಕ ಕಟ್ಟಬೇಕು. ಮಾದರಿ ಕಲಬೆರಕೆಯೆಂದು ಸಾಬೀತಾದರೆ ಶುಲ್ಕ ವಾಪಸು ಬರುತ್ತದೆ. ಮನೆಯ ಪರೀಕ್ಷೆ ನಿಮ್ಮನ್ನು ಎಚ್ಚರಿಸಲು. ಅಪರಾಧ ಸಾಬೀತು ಮಾಡುವುದು ಪ್ರಯೋಗಾಲಯದ ಕೆಲಸ.

ಹತ್ತಿಗೆ ಹತ್ತದ ವಿಷ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ ಯಾವ ಪರೀಕ್ಷೆಯೂ ಕೀಟನಾಶಕವನ್ನು ಹಿಡಿಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ. ಎರಡು ದಿನ ಕಳೆದರೆ ಎಷ್ಟೋ ವೇಳೆ ವಾಸನೆಯೂ ಇರುವುದಿಲ್ಲ. ಎಲೆಯ ಮೇಲೆ ಮಾತ್ರ ನಿಲ್ಲುವ ಔಷಧವಾದರೆ ತೊಳೆದಾಗ ಸ್ವಲ್ಪ ಭಾಗ ಹೋಗುತ್ತದೆ. ಗಿಡದ ಒಳಗೆ ಹೀರಿಕೊಳ್ಳುವ ಅಂತರ್ವ್ಯಾಪಿ ಔಷಧವಾದರೆ ಎಷ್ಟು ತೊಳೆದರೂ ಒಳಗಿನದು ಒಳಗೇ ಇರುತ್ತದೆ. ಅದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕು. ನಮ್ಮ ದೇಶದಿಂದ ಹೋದ ಕರಿಬೇವಿನಲ್ಲಿ ಕೀಟನಾಶಕದ ಉಳಿಕೆ ಹೆಚ್ಚು ಕಂಡದ್ದರಿಂದಲೇ ಯುರೋಪಿನವರು ಅದಕ್ಕೆ ವಿಶೇಷ ತಪಾಸಣೆ ವಿಧಿಸಿದ್ದರು. ಪರದೇಶದ ಬಂದರಿನಲ್ಲಿ ನಮ್ಮ ಕರಿಬೇವಿಗೆ ಪರೀಕ್ಷೆ ಇದೆ. ನಮ್ಮ ಸಂತೆಯ ಕರಿಬೇವಿಗೆ ಇಲ್ಲ.

ಹಾಗಾದರೆ ಯಾರು ಪರೀಕ್ಷೆ ಮಾಡಬೇಕು? ಉತ್ತರ ನನ್ನ ಸ್ವಂತ ಮನೆಯಲ್ಲೇ ಸಿಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಅಣ್ಣನಿಗೆ ನಾಲ್ಕು ಹಸು, ಕೊಟ್ಟಿಗೆಯ ಹಿಂದೆ ಹತ್ತು ಗುಂಟೆ ಕೊತ್ತಂಬರಿ. ಸಂಜೆ ಸಾರಿಗೆ ಸೊಪ್ಪು ಕೀಳಲು ಹೋದೆ. ಅತ್ತಿಗೆ ಹಿಂದಿನಿಂದ ಕೂಗಿದರು: "ಅಲ್ಲಿ ಕೀಳಬೇಡಪ್ಪ, ಅದು ಸಂತೆದು. ಬದುವಿನ ಪಕ್ಕದ ಸಾಲು ಮನೆದು."

ನೋಡುವುದಕ್ಕೆ ಎರಡೂ ಒಂದೇ ಬಿತ್ತನೆ, ಒಂದೇ ಎತ್ತರ. "ಏನಣ್ಣ ವ್ಯತ್ಯಾಸ?" ಎಂದು ಕೇಳಿದೆ. ಅಣ್ಣ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಹೇನು ಬಿದ್ದಿತ್ತು. ಮೊನ್ನೆ ಔಷಧಿ ಹೊಡೆದೆ" ಎಂದ.

"ಸಂತೆ ಯಾವತ್ತು?"

"ನಾಳೆ."

ಆ ಸೊಪ್ಪು ಸಂತೆಯಿಂದ ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ನಮ್ಮ ತಂಗಿ ಇದ್ದಾಳೆ. ಅವಳು ಮಾರುಕಟ್ಟೆಯಲ್ಲಿ ಕೊಳ್ಳುವ ಕಟ್ಟು ಯಾರ ಹೊಲದ ಸಂತೆ ಸಾಲಿನದೋ! ಇದನ್ನು ನಾನು ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಈ ವಾರ ಬಿಟ್ಟರೆ ಹೂ ಬಿಡುತ್ತೆ. ಹಿಂಡಿ ತಂದ ಸಾಲ ಯಾರು ತೀರಿಸುತ್ತಾರೆ?" ಎಂದ. ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಬೆಳಗಿನ ಜಾವ ಆ ಕಟ್ಟುಗಳನ್ನು ಕಟ್ಟಲು ನಾನೂ ಕೈ ಹಾಕಿದೆ. ಇಷ್ಟು ವರ್ಷ ಬೇರೆಯವರ ಹಾಲಿನ ತಪ್ಪು ಹಿಡಿದ ಕೈ ಅದು.

ತಾಯಂದಿರೇ, ಇಂಥ ಎರಡು ಸಾಲು ನಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ. ನಿಮ್ಮಲ್ಲಿ ಕೆಲವರು ಈಗ ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಯಾರನ್ನೂ ಬೆರಳು ಮಾಡಿ ತೋರಿಸಲು ಇದನ್ನು ಹೇಳಲಿಲ್ಲ. ಹಾಲಿನ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ ಎಂಬುದನ್ನು ನೆನಪಿಸಲು ಹೇಳಿದೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು ಎಂಬುದು ನಿಮಗೆ ಗೊತ್ತು. ನಷ್ಟವಾದರೂ ಚೆಲ್ಲುತ್ತೀರಿ. ಸೊಪ್ಪಿಗೂ ಅದೇ ಲೆಕ್ಕ. ಔಷಧಿ ಹೊಡೆದ ದಿನಕ್ಕೂ ಕೀಳುವ ದಿನಕ್ಕೂ ನಡುವೆ ಇಷ್ಟು ದಿನ ಬಿಡಬೇಕು ಎಂಬ ನಿಯಮ ಇದೆ. ಅದಕ್ಕೆ ಕಾಯುವ ಅವಧಿ ಎಂದು ಹೆಸರು. ಕೀಟನಾಶಕಕ್ಕೆ ಇರುವ ಪರೀಕ್ಷೆ ಅದೊಂದೇ, ಅದು ಬೆಳೆಯುವವರ ಕೈಯಲ್ಲೇ ಇದೆ.

ಬೆಳೆಯುವವರು ಗಮನಿಸಬೇಕಾದದ್ದು

1. ಔಷಧದ ಜೊತೆ ಬರುವ ಚೀಟಿಯನ್ನು ಎಸೆಯಬೇಡಿ. ಯಾವ ಬೆಳೆಗೆ, ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಎಂದು ಅದರಲ್ಲಿ ಇರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದಿದ್ದರೆ ಆ ಔಷಧ ನಿಮ್ಮ ಬೆಳೆಗಲ್ಲ.

2. ಡಬ್ಬದ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಗುರುತು ಇದ್ದರೆ ವಿಷವೇ ಅಲ್ಲ ಎಂದು ತಿಳಿಯಬೇಡಿ. ಉಳಿದವುಗಳಿಗಿಂತ ಕಡಿಮೆ ಎಂದಷ್ಟೇ ಅರ್ಥ.

3. ಕೊತ್ತಂಬರಿ 30–45 ದಿನಗಳ ಬೆಳೆ. ಕೊನೆಯ ವಾರದಲ್ಲಿ ಔಷಧಿ ಹೊಡೆದರೆ ಕಾಯಲು ದಿನಗಳೇ ಉಳಿಯುವುದಿಲ್ಲ. ಆದ್ದರಿಂದ ಹೇನು ಕಂಡ ಮೊದಲ ದಿನವೇ ಬೇವಿನ ಕಷಾಯ ಹಿಡಿಯಿರಿ. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಕದಡಿ, ಒಟ್ಟು 10 ಲೀಟರ್ ಮಾಡಿ ಸಂಜೆ ಹೊತ್ತು ಸಿಂಪಡಿಸಿ. ಇದು ಶೇಕಡಾ 5ರ ಕಷಾಯ.

4. ಇಡೀ ಪಾತಿಯನ್ನು ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಪಾತಿ ಬಿತ್ತಿದರೆ ರೋಗ ಬಿದ್ದ ಪಾತಿಯನ್ನು ಬಿಟ್ಟು ಇನ್ನೊಂದನ್ನು ಸಂತೆಗೆ ಒಯ್ಯಬಹುದು.

5. ಖಾಲಿ ಔಷಧಿ ಡಬ್ಬವನ್ನು ಎಷ್ಟೇ ತೊಳೆದರೂ ಮನೆಗೆ, ಕೊಟ್ಟಿಗೆಗೆ ತರಬಾರದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಪರೀಕ್ಷೆಯಲ್ಲಿ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ತರಕಾರಿಗೆ ಅದನ್ನು ಹೊಡೆಯುವುದು 2005ರಲ್ಲೇ ನಿಷೇಧವಾಗಿತ್ತು.

6. ಔಷಧಿ ಹೊಡೆದ ಹೊಲದ ಬದುವಿನ ಹುಲ್ಲು, ಸಂತೆಯಲ್ಲಿ ಉಳಿದ ಸೊಪ್ಪು ಹಸುವಿಗೆ ಬೇಡ. "ಮನುಷ್ಯರಿಗೆ ಆಗದ್ದು ದನಕ್ಕಾದರೂ ಆಗಲಿ" ಎಂದು ಹಾಕಿದರೆ ಅದು ಹಾಲಿನಲ್ಲಿ ತಿರುಗಿ ನಮ್ಮ ಮನೆಗೇ ಬರುತ್ತದೆ. ಹಿರಿಯರಿಗೆ ಬಿ.ಎಚ್.ಸಿ. ಪುಡಿ ನೆನಪಿರಬಹುದು, 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಅಂಥ ವಿಷ ಮೇವಿನಿಂದ ಹಸುವಿನ ಮೈಯ ಕೊಬ್ಬಿಗೆ, ಅಲ್ಲಿಂದ ಹಾಲಿನ ಕೊಬ್ಬಿಗೆ ಇಳಿಯುತ್ತದೆ. ಬೆಣ್ಣೆ, ತುಪ್ಪ ಎಂದರೆ ಆ ಕೊಬ್ಬೇ ಅಲ್ಲವೇ?

ತೊಳೆಯುವ ಕ್ರಮ

ಕೊಂಡು ತಂದ ಸೊಪ್ಪನ್ನು ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೊಳೆತದ್ದನ್ನು ಆರಿಸಿ ತೆಗೆಯಿರಿ. ಮೊದಲು ಧಾರೆ ನೀರಿನಲ್ಲಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿ, ಅಥವಾ ಒಂದು ಹಿಡಿ ಉಪ್ಪು ಹಾಕಿ, ಅದರಲ್ಲಿ ಕಾಲು ಗಂಟೆ ನೆನೆಸಿಡಿ. ತೆಗೆದು ಒಳ್ಳೆಯ ನೀರಿನಲ್ಲಿ ಎರಡು ಸಲ ಜಾಲಿಸಿ. ಸಾಬೂನು, ಬಟ್ಟೆ ಪುಡಿ ಎಂದಿಗೂ ಬೇಡ. ಇದರಿಂದ ಮಣ್ಣು, ಹುಳದ ಮೊಟ್ಟೆ, ಎಲೆಯ ಮೇಲಿನ ಔಷಧದ ಒಂದು ಭಾಗ ಹೋಗುತ್ತದೆ. ಎಲ್ಲವೂ ಹೋಗುತ್ತದೆ ಎಂದು ನಾನು ಹೇಳಲಾರೆ. ತೊಳೆದ ನೀರನ್ನು ದನದ ಕಲಗಚ್ಚಿಗೆ ಸುರಿಯಬೇಡಿ.

ಎಲ್ಲಕ್ಕಿಂತ ಸುಲಭದ ದಾರಿ ನಿಮ್ಮ ಹಿತ್ತಿಲಿನಲ್ಲೇ ಇದೆ. ಬಚ್ಚಲ ನೀರು ತಾಗದ ಕಡೆ ಒಂದು ಕರಿಬೇವಿನ ಗಿಡ, ಒಡೆದ ಬಾನಿಯಲ್ಲಿ ಒಂದಿಷ್ಟು ಪುದೀನ, ಹಳೆಯ ಮಕ್ಕರಿಯಲ್ಲಿ ಎರಡು ಹಿಡಿ ಕೊತ್ತಂಬರಿ ಬೀಜ. ಗೊಬ್ಬರಕ್ಕೆ ನಿಮಗೆ ಬರ ಇಲ್ಲ. ಮನೆಯ ಖರ್ಚಿಗೆ ಅಷ್ಟು ಸಾಕು. ಪರೀಕ್ಷೆಯ ದಿನ ಹೋಲಿಸಿ ನೋಡಲು ಶುದ್ಧ ಎಲೆಯೂ ಅಲ್ಲೇ ಸಿಗುತ್ತದೆ.

ಕೊನೆಯ ಮಾತು

ಅಣ್ಣನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಬಿತ್ತನೆಗೆ ಅವನು ಹತ್ತು ಗುಂಟೆಯನ್ನು ನಾಲ್ಕು ಪಾತಿ ಮಾಡಿ ವಾರಕ್ಕೊಂದರಂತೆ ಬಿತ್ತಿದ. ಡೈರಿಯ ಪಾಸ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಯಾವ ಪಾತಿಗೆ ಯಾವತ್ತು ಏನು ಹೊಡೆದೆ ಎಂದು ಬರೆಯತೊಡಗಿದ. ಮೊದಲ ವರ್ಷ ಒಂದು ಪಾತಿ ಹೇನಿಗೆ ಹೋಯಿತು, ನಷ್ಟವೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಸೊಪ್ಪು ಕೀಳಲು ಹೋಗಿ, "ಅತ್ತಿಗೆ, ಮನೆ ಸಾಲು ಯಾವುದು?" ಎಂದು ಕೇಳಿದೆ. ಅವರು ಒಲೆಯ ಮುಂದೆ ಕೂತಲ್ಲಿಂದಲೇ, "ಎಲ್ಲಿ ಬೇಕಾದರೂ ಕೀಳಪ್ಪ" ಎಂದರು.

ನಿಮ್ಮ ಹಾಲಿನ ಪಾತ್ರೆಯಲ್ಲಿ ಮನೆಗೊಂದು, ಡೈರಿಗೊಂದು ಎಂಬ ಭೇದ ಇಲ್ಲ. ನಿಮ್ಮ ಸೊಪ್ಪಿನ ಪಾತಿಯಲ್ಲೂ ಆ ಭೇದ ಇಲ್ಲದಿರಲಿ ಎಂದು ಕೇಳಿಕೊಂಡು, ಸಂಜೆಯ ಹಾಲು ಕರೆಯುವ ಹೊತ್ತಾದ್ದರಿಂದ, ನನ್ನ ಮಾತು ಮುಗಿಸುತ್ತೇನೆ.